ಪದಕದ ಅಂಚಿನ ಹೆಸರು

ಪಾರವ್ವ ಆಯಿಯ ತಂದೆಯ ಹೆಸರನ್ನು ಅಳಿಸಿದವನು ನಾನು. ಅಳಿಸಿದ್ದು ಕೈತಪ್ಪು. ಆಮೇಲೆ ಆಡಿದ್ದು — ಅದು ತಿಳಿದು ತಿಳಿದೂ ಆಡಿದ ಸುಳ್ಳು.

ಗೋಕಾಕದಲ್ಲಿ ನನ್ನದು ಬೆಳ್ಳಿ ಕೆಲಸದ ಅಂಗಡಿ. ಮಹಾನವಮಿಗೆ ಮುಂಚೆ ಸುತ್ತಲಿನ ಹಳ್ಳಿಯವರು ಮನೆಯ ದೇವರ ಜಗಲಿಯ ಮೇಲಿನ ಬೆಳ್ಳಿ ದೇವರನ್ನು ಬೆಳಗಿಸಲು ನಮ್ಮಲ್ಲಿಗೆ ತರುತ್ತಾರೆ. ಮಸಗುಪ್ಪಿಯ ಪಾರವ್ವ ಆಯಿಯೂ ಪ್ರತಿ ವರ್ಷ ಬರುವವಳು. ಅವಳ ಗಂಟಿನಲ್ಲಿ ಯಲ್ಲಮ್ಮನ ಬೆಳ್ಳಿ ಮುಖದ ಜೊತೆ ಒಂದು ಪದಕವಿರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅವಳ ತಂದೆಯಿದ್ದ ಪಲ್ಟನ್ ಬರ್ಮಾದ ಸಮುದ್ರದಂಡೆಗೆ ಇಳಿದದ್ದರ ನೆನಪಿಗೆ ಮಾಡಿಸಿದ್ದು. ಒಂದು ಮಗ್ಗುಲಿಗೆ ಹಡಗು, ನೀರಿಗೆ ಹಾರುತ್ತಿರುವ ಸಿಪಾಯಿಗಳು. ಅಂಚಿನ ಸುತ್ತ ಇಂಗ್ಲಿಷಿನಲ್ಲಿ ಕೊರೆದ ಆ ತಂದೆಯ ಹೆಸರು, ನಂಬರು. ಅವನು ಆ ದಂಡೆಯಿಂದ ಮರಳಲಿಲ್ಲ; ಮನೆಗೆ ಬಂದದ್ದು ಈ ಪದಕವೊಂದೇ. ಇವಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇಲ್ಲ. ಓದಲು ಬಾರದ ಆಯಿ ಅಂಚಿನ ಮೇಲೆ ಉಗುರು ಎಳೆಯುತ್ತ, "ಇಲ್ಲಿ ನಮ್ಮಪ್ಪ ಅದಾನ ನೋಡು" ಅನ್ನುತ್ತಿದ್ದಳು.

ನನ್ನ ತಂದೆ ಆ ಪದಕವನ್ನು ಅಂಟುವಾಳದ ನೀರಲ್ಲಿ ಮೆತ್ತಗೆ ಉಜ್ಜುತ್ತಿದ್ದ. "ಅಂಚಿಗೆ ಕೈ ಹಚ್ಚಬ್ಯಾಡ" ಎಂದು ನನಗೆ ಹೇಳಿಯೂ ಇದ್ದ. ಅವನು ತೀರಿದ ಮೇಲೆ ನಾನು ಪಾಲಿಶ್ ಮಾಡುವ ಮೋಟಾರಿನ ಚಕ್ರ ತಂದೆ — ಶಾಣ್ಯಾ ಅಲ್ಲವೇ ನಾನು, ಅಪ್ಪನಿಗಿಂತ ಜಾಣ! ಅರಿಶಿಣ ಕುಂಕುಮ ತೊಳೆದು ತೊಳೆದು ಮೊದಲೇ ಸವೆದಿದ್ದ ಅಕ್ಷರಗಳು. ಯಲ್ಲಮ್ಮನ ಮುಖ ತಿಕ್ಕಿದ ಹಾಗೆಯೇ ಪದಕವನ್ನೂ ಚಕ್ರಕ್ಕೆ ಹಿಡಿದೆ. ಎತ್ತಿ ನೋಡಿದರೆ ಅಂಚು ನುಣ್ಣಗಾಗಿತ್ತು.

ಆಯಿ ಪದಕ ಒಯ್ಯಲು ಬಂದಾಗ ಅಂಗಡಿ ತುಂಬ ಗಿರಾಕಿಗಳು. ಉಗುರನ್ನು ಒಂದು ಸುತ್ತು ಎಳೆದಳು. ಇನ್ನೊಂದು ಸುತ್ತು.

"ತಮ್ಮಾ, ನಮ್ಮಪ್ಪನ ಹೆಸರ ಎಲ್ಲಿ ಹೋತೋ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ — ಕೇಳಿದ್ದೇ ತಡ, ಸಿಡುಕಿದೆ. "ಯಾವ ಹೆಸರ ಆಯಿ? ಅದರಾಗ ಹೆಸರ ಎಂದೂ ಇರಲೇ ಇಲ್ಲ. ಬರೇ ಗೀರ ಬಿದ್ದಿದ್ದು."

ಮುದುಕಿಗೆ ಅರಳುಮರಳು ಎಂದು ಒಬ್ಬ ನಕ್ಕ. ನಾನೂ ನಕ್ಕೆ. ಆ ನಗು ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಮರುವರ್ಷ ಗಂಟಿನಲ್ಲಿ ಪದಕವಿರಲಿಲ್ಲ. ಕೇಳಬಾರದಿತ್ತು — ಕೇಳಿದೆ.

"ಜಗಲಿ ಮ್ಯಾಲಿಂದ ತಗದೇನಪ್ಪಾ. ಹೆಸರ ಇಲ್ಲಂದ ಮ್ಯಾಲ ಯಾರದೋ ಏನೋ. ಹುಟ್ಟಿದಾಗಿಂದ ಮಂದಿ ಬಿಲ್ಲೆಗೆ ಅಪ್ಪಾ ಅಂತ ಕೈ ಮುಗದ್ನಿ ಕಾಣತೈತಿ." ಮತ್ತೆ ಅಂದಳು: "ನಿನ್ನ ಮ್ಯಾಲ ಸಂಶೆ ಪಟ್ನಿ. ತಪ್ಪಾತು ತಮ್ಮಾ, ಕ್ಷಮಾ ಮಾಡು."

ನಾನು ಏನೆಂದೆ ಗೊತ್ತೇ? "ಇರಲಿ ಬಿಡು ಆಯಿ" ಎಂದೆ. ದೊಡ್ಡ ಮನುಷ್ಯನ ಹಾಗೆ.

ಅದಾಗಿ ಮೂರು ಮಹಾನವಮಿ ಕಳೆದವು. ನಿಜ ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಅಂಗಡಿಗೆ ಕೆಟ್ಟ ಮಾತು ಬಂದೀತೆಂದು ನುಂಗಿದೆ. ಹೆಂಡತಿಗೂ ಹೇಳಿಲ್ಲ. ಈಗ ಆಯಿ ಹಾಸಿಗೆ ಹಿಡಿದಿದ್ದಾಳೆಂದು ಮೂಡಲಗಿಯ ಸಂತೆಯಲ್ಲಿ ಕೇಳಿದೆ.

ಸೋಮವಾರ ಅಂಗಡಿ ಮುಚ್ಚಿ ಮಸಗುಪ್ಪಿಗೆ ಹೋಗುತ್ತೇನೆ. ಅವಳ ಮಕ್ಕಳು ಮೊಮ್ಮಕ್ಕಳೆಲ್ಲರ ಎದುರು ಆಯಿಗೆ ಹೇಳುತ್ತೇನೆ — ಹೆಸರಿತ್ತು, ಅದು ನಿಮ್ಮಪ್ಪನದೇ, ಅಳಿಸಿದವನು ನಾನು. ಅವರು ಉಗಿದರೆ ಉಗಿಯಲಿ. ಕ್ಷಮಿಸು ಎಂದು ಮಾತ್ರ ಕೇಳಲಾರೆ. ಆ ಮಾತನ್ನು ಅವಳೇ ನನ್ನೆದುರು ನಿಂತು ಕೇಳಿ ಹೋಗಿದ್ದಾಳೆ.