ಹುರಿ ಬಲ್ಲ ಬೆರಳುಗಳು

ನಮ್ಮ ದೊಡ್ಡಪ್ಪ ಇಪ್ಪತ್ತೆರಡು ವರ್ಷ ಗಿರಣಿಯಲ್ಲಿ ನೂಲು ಹುರಿ ಮಾಡುವ ಯಂತ್ರದ ಮುಂದೆ ನಿಂತವರು. ಗಿರಣಿ ಮುಚ್ಚಿದ ಮೇಲೆ, ನಲವತ್ತಾರನೇ ವಯಸ್ಸಿನಲ್ಲಿ, ವಿಶ್ವವಿದ್ಯಾಲಯದ ನೆಟ್‌ವರ್ಕ್ ತಂತ್ರಜ್ಞಾನ ಮತ್ತು ಡಿಜಿಟಲ್ ಮಾಧ್ಯಮದ ಕೋರ್ಸಿಗೆ ಸೇರಿದರು. ಮೊದಲ ವರ್ಷ ಕೇಬಲ್ಲು, ಎರಡನೇ ವರ್ಷ ಸ್ಟುಡಿಯೋ. ಮೊದಲ ದಿನ ತರಗತಿಯ ಹುಡುಗರು ಅವರನ್ನು ಮೇಷ್ಟ್ರೆಂದು ತಿಳಿದು ಎದ್ದು ನಿಂತರಂತೆ.

ಅವರಿಗೊಂದು ತೊಂದರೆಯಿತ್ತು. ಹಸಿರು, ಕೆಂಪು, ಕಂದು, ಕಿತ್ತಳೆ ಬಣ್ಣಗಳು ಅವರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. "ಇವರನ್ನ ಟೊಮೆಟೊ ತರೋಕೆ ಕಳಿಸಿದ್ರೆ ಕಾಯಿನೇ ಆರಿಸ್ಕೊಂಡು ಬರ್ತಾರೆ," ಎಂದು ದೊಡ್ಡಮ್ಮ ನಗುತ್ತಿದ್ದರು. ಕಾಲೇಜಿನಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕೋರ್ಸಿನಿಂದ ತೆಗೆದುಹಾಕುತ್ತಾರೆಂದು ಅವರಿಗೆ ಭಯ.

ನೆಟ್‌ವರ್ಕ್ ಕೇಬಲ್ಲಿನೊಳಗೆ ಎಂಟು ತಂತಿಗಳು ನಾಲ್ಕು ಜೋಡಿಯಾಗಿ ಹೆಣೆದುಕೊಂಡಿರುತ್ತವೆ; ಜೋಡಿಗೊಂದು ಬಣ್ಣ, ಜೋಡಿಯ ಒಂದು ತಂತಿಗೆ ಬಿಳಿ ಪಟ್ಟೆ. ಬಣ್ಣದ ಕ್ರಮ ತಪ್ಪದೆ ಅವನ್ನು ಪ್ಲಗ್ಗಿಗೆ ತೂರಿಸಬೇಕು. ಆ ಜೋಡಿಗಳ ಹುರಿ ಒಂದೇ ಸಮ ಇಲ್ಲವೆಂದು ದೊಡ್ಡಪ್ಪ ಕಂಡುಕೊಂಡಿದ್ದರು. ನೀಲಿ ಹೇಗೂ ಕಾಣುತ್ತದೆ. ಉಳಿದ ಮೂರರಲ್ಲಿ ಹಸಿರು ಬಲು ಬಿಗಿ, ಕಂದು ಸಡಿಲ, ಕಿತ್ತಳೆ ನಡುವೆ. ಗಿರಣಿಯ ಬೆರಳಿಗೆ ಅಷ್ಟು ಸಾಕಿತ್ತು.

ಪ್ರಾಯೋಗಿಕ ಪರೀಕ್ಷೆಯ ದಿನ ನಡೆದದ್ದನ್ನು ಅವರ ಪಕ್ಕದ ಮೇಜಿನ ಹುಡುಗಿ ಮನೆಗೆ ಬಂದು ಹೇಳಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕಿ, "ಮೊದಲು ಎಲ್ಲಾ ಜೋಡಿ ಬಿಡಿಸಿ ನೇರ ಮಾಡ್ಕೊಳ್ಳಿ, ಆಮೇಲೆ ಕ್ರಮವಾಗಿ ಇಡಿ. ಪುಸ್ತಕದಲ್ಲಿ ಹಾಗೇ ಇದೆ," ಅಂದರಂತೆ. ಬಿಡಿಸಿದರೆ ಹುರಿ ಹೋಯಿತು. ಹುರಿ ಹೋದರೆ ವರ್ಷವೇ ಹೋಯಿತು.

ದೊಡ್ಡಪ್ಪ ತಂತಿ ಕೆಳಗಿಟ್ಟರು. "ಮೇಡಂ, ಮುಚ್ಚುಮರೆ ಯಾಕೆ? ನನಗೆ ಹಸಿರು ಯಾವುದು, ಕಂದು ಯಾವುದು ಗೊತ್ತಾಗಲ್ಲ. ಬಿಡಿಸಿಬಿಟ್ರೆ ನಾನು ಕೆಟ್ಟೆ."

"ಮತ್ತೆ ವರ್ಷಪೂರ್ತಿ ಹೇಗೆ ಮಾಡಿದ್ರಿ? ಯಾರು ಹೇಳ್ಕೊಡ್ತಿದ್ರು?"

"ಬೆರಳು ಹೇಳ್ಕೊಡ್ತು ಮೇಡಂ. ಬೇಕಾದ್ರೆ ನೋಡಿ."

ಪರೀಕ್ಷಕಿ ಹೊಸ ಕೇಬಲ್ಲಿನ ತುಂಡೊಂದನ್ನು ಪೂರ್ತಿ ಸುಲಿದು, ನೀಲಿ ಬಿಟ್ಟು ಉಳಿದ ಮೂರು ಜೋಡಿಗಳನ್ನು ಕಲಸಿ, ದೊಡ್ಡಪ್ಪನ ಬೆನ್ನ ಹಿಂದೆ ಕೈಗೆ ಕೊಟ್ಟರು. "ಇದು ಕಿತ್ತಳೆ. ಇದು ಕಂದು. ಇದು ಹಸಿರು," ಎಂದು ದೊಡ್ಡಪ್ಪ ಒಂದೊಂದಾಗಿ ಮುಂದೆ ಚಾಚಿದರು. ಪರೀಕ್ಷಕಿ ಮತ್ತೆ ಕಲಸಿ ಕೊಟ್ಟರು. ಮತ್ತೂ ಸರಿ.

"ನಿಮ್ಮ ರೀತಿಯಲ್ಲೇ ಮಾಡಿ," ಅಂದರು ಪರೀಕ್ಷಕಿ.

ಪ್ಲಗ್ಗು ಒತ್ತಿ, ತಂತಿಗಳ ಕ್ರಮ ನೋಡುವ ಟೆಸ್ಟರ್‌ಗೆ ಹಾಕಿದಾಗ ಎಂಟು ದೀಪಗಳೂ ಒಂದಾದ ಮೇಲೊಂದು ಹೊತ್ತಿದವು. ಪಕ್ಕದ ಮೇಜಿನವಳು ತನ್ನ ಪರೀಕ್ಷೆ ಮರೆತು ಚಪ್ಪಾಳೆ ತಟ್ಟಿ ಬೈಸಿಕೊಂಡಳಂತೆ.

ಈಗ ದೊಡ್ಡಪ್ಪ ಎರಡನೇ ವರ್ಷದಲ್ಲಿದ್ದಾರೆ. ನೇರಪ್ರಸಾರಕ್ಕೆ ಮೊದಲು ಕ್ಯಾಮೆರಾದ ಬಣ್ಣ ಸರಿಮಾಡುವ ಸರದಿ ಬಂದರೆ, ಎಲ್ಲರೆದುರೇ ಆ ಹುಡುಗಿಯನ್ನು ಕೂಗುತ್ತಾರೆ: "ಬಾರಮ್ಮ, ಬಣ್ಣ ನೀನು ನೋಡ್ಕೋ, ತಂತಿ ನನಗೆ ಬಿಡು."