ಡ್ರೈ ಫೋರ್ಕ್ ಊರಿನ ಕೊನೆಯ ಜಡ್ಜಮ್ಮ

ಅಮೆರಿಕದ ಬಡಗಣ ಬಯಲಿನ ಡ್ರೈ ಫೋರ್ಕ್‌ನಲ್ಲಿ ಆರ್ಲೀನ್ ಟ್ವೆಟ್ ಹಲವು ಚುನಾವಣೆ ಗೆದ್ದು ಊರ ನ್ಯಾಯಾಧೀಶೆಯಾಗಿದ್ದಳು. ಕಾನೂನು ಓದಿದವಳಲ್ಲ. ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆಯೇ ಕೋರ್ಟು. ಬೇಲಿ ಜಗಳ, ಹೊಡೆದಾಟ, ಕುಡಿದು ಗಾಡಿ ಓಡಿಸಿದ್ದು, ಎಲ್ಲ ಅಲ್ಲೇ ತೀರುತ್ತಿತ್ತು. ಮುಲಾಜಿಲ್ಲದ ಹೆಂಗಸು, ಚರ್ಚಿನ ಪಾದ್ರಿಗೂ ದಂಡ ಹಾಕಿದ್ದಳು.

ಆ ನವೆಂಬರಿನಲ್ಲಿ, ಇಂಥ ಹುದ್ದೆಗಳನ್ನು ತೆಗೆದು ಎಲ್ಲವನ್ನೂ ಪಟ್ಟಣದ ದೊಡ್ಡ ಕೋರ್ಟಿಗೆ ಸೇರಿಸಬೇಕೇ ಎಂದು ರಾಜ್ಯವು ಜನರ ಮತ ಕೇಳಿತು. ಪಟ್ಟಣದವರು ಹೌದೆನ್ನುತ್ತಾರೆಂದು ಆರ್ಲೀನ್‌ಗೆ ಗೊತ್ತಿತ್ತು. ತನ್ನೂರು ಮಾತ್ರ ಕೈಬಿಡುವುದಿಲ್ಲವೆಂದು ನಂಬಿದ್ದಳು. ಎಣಿಕೆ ಮುಗಿದಾಗ ಡ್ರೈ ಫೋರ್ಕೂ ಹೌದೆಂದಿತ್ತು.

ಮರುದಿನ ನಡೀನಳ ಹೋಟೆಲಿನಲ್ಲಿ ಗೋಧಿ ವ್ಯಾಪಾರಿ ರಾಯ್ಸ್ ತಲೆ ಕೆರೆದುಕೊಂಡ. "ತೆರಿಗೆ ಕಮ್ಮಿ ಆಗುತ್ತೆ ಅಂದ್ರು, ಜಡ್ಜಮ್ಮ. ನಿಮ್ ಮೇಲೆ ನಮಗೇನೂ ಸಿಟ್ಟಿಲ್ಲ."

"ಸಿಟ್ಟಿಲ್ದೇನೇ ಇಷ್ಟು ಮಾಡಿದ್ರಿ. ಇದ್ದಿದ್ರೆ ಇನ್ನೇನು ಮಾಡ್ತಿದ್ರೋ!" ಎಂದಳು ಆರ್ಲೀನ್.

ನಡೀನ್ ಆರ್ಲೀನಳ ಲೋಟಕ್ಕೆ ಕಾಫಿ ಬಗ್ಗಿಸದೆ ಮುಂದೆ ಹೋದಳು. ಕುಡಿದು ಗಾಡಿ ಗುದ್ದಿದ ಅವಳ ಮಗ ಕ್ಲಿಂಟ್‌ನನ್ನು ಹಿಂದಿನ ವರ್ಷ ಆರ್ಲೀನ್ ಜೈಲಿಗೆ ಕಳಿಸಿದ್ದಳು.

ಹುದ್ದೆ ಹೋಯಿತು. ಆಮೇಲೂ ಜನ ತಕರಾರು ಹೊತ್ತು ಮನೆಗೆ ಬರುತ್ತಿದ್ದರು. "ಪಟ್ಟಣಕ್ಕೆ ಹೋಗಿ, ನೀವೇ ಕೇಳಿ ತಗೊಂಡಿದ್ದು," ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಗಂದಾಗ ಹಿತವೂ ಆಗುತ್ತಿತ್ತು. ಆ ಹಿತಕ್ಕೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಚಳಿಗಾಲದಲ್ಲಿ ನಡೀನ್ ಬಂದಳು. ಕಣ್ಣು ಊದಿ ಮುಚ್ಚಿಹೋಗಿತ್ತು. ಹೊಡೆದವನು ಕ್ಲಿಂಟ್.

"ಅವನು ಮನೆ ಹತ್ರ ಸುಳೀಬಾರ್ದು ಅಂತ ಒಂದು ಆರ್ಡರ್ ಬರ್ಕೊಡು ಆರ್ಲೀನ್."

"ಬರ್ಕೊಡೋಕೆ ಈಗ ನಾನ್ಯಾರೇ?"

ಆದರೆ ಬಾಗಿಲು ಹಾಕಲಾಗಲಿಲ್ಲ. ಹಿಮದಲ್ಲೇ ಕಾರು ತೆಗೆದು ಅವಳನ್ನು ಪಟ್ಟಣಕ್ಕೆ ಕರೆದೊಯ್ದಳು. ನ್ಯಾಯಾಧೀಶರು ಬೇರೆ ಊರಿನ ಕೋರ್ಟಿಗೆ ಹೋಗಿದ್ದರು. "ಸೋಮವಾರ ಬನ್ನಿ," ಎಂದಳು ಗಾಜಿನಾಚೆಯ ಗುಮಾಸ್ತ ಹುಡುಗಿ.

"ಈ ಮುಖ ನೋಡಿ ಹೇಳ್ತಿದೀಯಾ?" ಎಂದು ಆರ್ಲೀನ್ ಗದರಿದಳು. ಹುಡುಗಿ ಬಾಗಿಲಲ್ಲಿ ನಿಂತಿದ್ದ ಪೊಲೀಸರತ್ತ ನೋಡಿದಳು.

ಹಿಂತಿರುಗುವಾಗ ನಡೀನ್ ಕಿಟಕಿಯಾಚೆ ನೋಡುತ್ತ ಅಂದಳು: "ನಾನೂ ಹೌದು ಅಂತಾನೇ ಗುರುತು ಹಾಕಿದ್ದೆ. ಅವನ್ನ ಜೈಲಿಗೆ ಹಾಕಿದ್ದಕ್ಕೆ."

"ಗೊತ್ತು. ನಮ್ಮನೇಲೇ ಇರು, ಸೋಮವಾರ ಮತ್ತೆ ಹೋಗೋಣ."

"ಬೇಡ. ಇಷ್ಟೊತ್ತಿಗೆ ಅವನ ಅಮಲು ಇಳಿದಿರುತ್ತೆ."

ನಡೀನಳ ಮನೆ ಹೋಟೆಲಿನ ಮೇಲೆಯೇ ಇತ್ತು. ಹೋಟೆಲಿನ ಮುಂದೆ ಕ್ಲಿಂಟ್‌ನ ಗಾಡಿ ನಿಂತಿತ್ತು. ನಡೀನ್ ಇಳಿದು ಒಳಗೆ ಹೋದಳು. ಸೋಮವಾರ ಆರ್ಲೀನ್ ಬಂದು ಹಾರನ್ ಹೊಡೆದರೂ ನಡೀನ್ ಹೊರಗೆ ಬರಲಿಲ್ಲ. ಭಾನುವಾರವೇ ಅವಳನ್ನು ಆಂಬುಲೆನ್ಸ್ ಒಯ್ದಿತ್ತೆಂದು ರಾಯ್ಸ್ ಬಂದು ಹೇಳಿದ. ಹೇಳುವಾಗ ಆರ್ಲೀನಳ ಮುಖ ನೋಡಲಿಲ್ಲ.