ಒತ್ತಕ್ಷರ ಉಳಿಸಿಕೊಟ್ಟ ನಂಜುಂಡಸ್ವಾಮಿ

ನಂಜುಂಡಸ್ವಾಮಿ ನನ್ನ ಅಡುಗೆಯನ್ನು ಒಂದು ದಿನವೂ ಹೊಗಳಿದವನಲ್ಲ. ಉಪ್ಪಿಟ್ಟಿಗೆ ಉಪ್ಪು ಸಾಲದು ಎನ್ನುತ್ತಿದ್ದ, ಚಟ್ನಿ ನೀರಾಗಿದೆ ಎನ್ನುತ್ತಿದ್ದ, ತಟ್ಟೆಯನ್ನು ಮಾತ್ರ ತೊಳೆದಿಟ್ಟಷ್ಟು ಚೊಕ್ಕಟವಾಗಿ ವಾಪಸು ಕೊಡುತ್ತಿದ್ದ. ಇಂಥವನಿಗಾಗಿ ನಾನು ದೇವರ ಮುಂದೆ ದೀಪ ಹಚ್ಚುವಾಗ ಒಂದು ನಮಸ್ಕಾರ ಹೆಚ್ಚಿಗೆ ಹಾಕುತ್ತೇನೆ ಎಂದರೆ ಮಗಳು ನಗುತ್ತಾಳೆ. ನಗಲಿ. ನನ್ನ ಒಲೆ ನನ್ನ ಕೈತಪ್ಪಿ ಹೋಗುವುದರಲ್ಲಿತ್ತು. ಅದನ್ನು ಉಳಿಸಿಕೊಟ್ಟವನು ಅವನು.

ನಾನು ಹಾವೇರಿ ಕಡೆಯವಳು, ಹೆಸರು ಶಾಂತವ್ವ. ಮಗಳು ಭಾವನಾ ಸಿಯಾಟಲ್‌ನ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳು ಇಲ್ಲಿಯ ಪ್ರಜೆಯಾದ ಮೇಲೆ ನನಗೂ ಗ್ರೀನ್ ಕಾರ್ಡ್ ಮಾಡಿಸಿದಳು. ಆದರೆ ದಿನವಿಡೀ ಕಿಟಕಿ ಮುಂದೆ ಕೂತು ಮೋಡ ನೋಡುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಹತ್ತಿರದ ರೆಡ್ಮಂಡ್ ಊರಿನಲ್ಲಿ ಬೆಂಗಳೂರಿನ ಅಶ್ವತ್ಥನಾರಾಯಣರು ಒಂದು ತಿಂಡಿ ಅಂಗಡಿ ಇಟ್ಟಿದ್ದರು. ಕೇಳಿದೆ, ಕೆಲಸ ಕೊಟ್ಟರು. ನನಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಅದರಿಂದೇನೂ ತೊಂದರೆ ಇರಲಿಲ್ಲ. ಗಿರಾಕಿಗಳು ಕೇಳಿದ್ದನ್ನು ಅಶ್ವತ್ಥನಾರಾಯಣರು ಕೌಂಟರಿನಿಂದ ಕನ್ನಡದಲ್ಲಿ ಕೂಗುತ್ತಿದ್ದರು, ನಾನು ಒಳಗೆ ಮಾಡಿ ಕೊಡುತ್ತಿದ್ದೆ.

2014ರ ಚಳಿಗಾಲದಲ್ಲಿ ಆರ್ಡರುಗಳು ಕಂಪ್ಯೂಟರಿನಲ್ಲಿ ಬರತೊಡಗಿದವು. ನನ್ನ ಒಲೆಯ ಪಕ್ಕ ಒಂದು ಪುಟ್ಟ ಪ್ರಿಂಟರ್ ಬಂದು ಕೂತಿತು. ಅಂಗಡಿಯ ಬಿಲ್ಲು ಬರುತ್ತದಲ್ಲ, ಅಂಥದು. ಚರ್ರೆಂದು ಚೀಟಿ ಉಗುಳುತ್ತಿತ್ತು, ಎಲ್ಲಾ ಇಂಗ್ಲಿಷಿನಲ್ಲಿ. ಓದಿ ಹೇಳುವವರು ಯಾರಾದರೂ ಬರುವವರೆಗೆ ನಾನು ಸೌಟು ಹಿಡಿದು ನಿಂತಿರಬೇಕು. ಒಂದು ದಿನ ಗಡಿಬಿಡಿಯಲ್ಲಿ, ಶೇಂಗಾ ಬೇಡವೆಂದು ಚೀಟಿಯಲ್ಲಿ ಬರೆದಿದ್ದ ಡಬ್ಬಿಗೇ ಶೇಂಗಾ ಚಟ್ನಿ ಹೋಗಿಬಿಟ್ಟಿತು. ಶೇಂಗಾ ತಿಂದರೆ ಉಸಿರುಗಟ್ಟುವ ಮಕ್ಕಳು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಡಬ್ಬಿ ಬಾಗಿಲು ದಾಟುವ ಮೊದಲು ಅಶ್ವತ್ಥನಾರಾಯಣರು ನೋಡಿದರು, ಬದುಕಿದೆವು.

ಅವತ್ತು ಸಂಜೆ ಅವರು ನನ್ನನ್ನು ಕರೆದರು. “ಶಾಂತವ್ವ ಅವ್ರೆ, ಬೇಜಾರು ಮಾಡ್ಕೋಬೇಡಿ. ಯುಗಾದಿ ಆದ್ಮೇಲೆ ಒಲೆ ಮುಂದೆ ಇಂಗ್ಲಿಷ್ ಓದೋರನ್ನ ನಿಲ್ಲಿಸ್ತೀನಿ. ನೀವು ತರಕಾರಿ ಹೆಚ್ಕೊಡಿ, ಸಾಕು.”

ಸಾಕಂತೆ! ಹತ್ತು ಜನರ ಬಾಯಿ ರುಚಿ ಬಲ್ಲವಳನ್ನು ಬದನೆಕಾಯಿ ಹೆಚ್ಚಲು ಕೂರಿಸಿದರೆ ಅವಳಿಗೆ ಹೇಗಾಗಬೇಡ? ಆದರೆ ಅವರದೂ ತಪ್ಪಿರಲಿಲ್ಲ. ಯಾವ ಮಗುವಿಗಾದರೂ ಹೆಚ್ಚುಕಡಿಮೆಯಾದರೆ ಯಾರು ಹೊಣೆ? ಹೂಂ ಎಂದು ಬಂದೆ.

ಮರುದಿನ ಎಂದಿನಂತೆ ತಿಂಡಿಗೆ ನಂಜುಂಡಸ್ವಾಮಿ ಬಂದ. ಮೈಸೂರು ಕಡೆಯವನು, ನಲವತ್ತರ ಆಸುಪಾಸು. ಅಲ್ಲೇ ಓವರ್‌ಲೇಕ್ ಬಡಾವಣೆಯ ಒಂದು ಆಫೀಸಿನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೆಲಸ. ನಮ್ಮ ಭಾಷೆಗಳ ಅಕ್ಷರ ಪರದೆಯ ಮೇಲೆ ಸರಿಯಾಗಿ ಮೂಡುತ್ತದೆಯೇ ಎಂದು ನೋಡುವುದು. ಮಳೆ ಬಂದರೂ ಕೊಡೆ ಹಿಡಿಯುವವನಲ್ಲ. ಮದುವೆಯ ಮಾತೆತ್ತಿದರೆ ಹವಾಮಾನದ ಮಾತು ತೆಗೆಯುತ್ತಿದ್ದ. ಅಡುಗೆಮನೆಯ ಬಾಗಿಲಲ್ಲೇ ನಿಂತು ತಿನ್ನುವುದು ಅವನ ರೂಢಿ.

“ಅಮ್ಮ, ಇವತ್ತು ಉಪ್ಪೇ ಇಲ್ವಲ್ಲ,” ಎಂದ.

ರುಚಿ ನೋಡಿದೆ. ಅವತ್ತು ನಿಜವಾಗಿಯೂ ಉಪ್ಪು ಹಾಕಿರಲಿಲ್ಲ. ತಡೆಯಲಾಗದೆ ಅತ್ತುಬಿಟ್ಟೆ, ಎಲ್ಲಾ ಹೇಳಿಕೊಂಡೆ. ಆತ ಪೂರ್ತಿ ಕೇಳಿಸಿಕೊಂಡು, “ಪ್ರಿಂಟರ್ ಯಾವ ಮಾಡೆಲ್ಲು?” ಎಂದ. ಕಣ್ಣೀರು ಹಾಕಿದವಳಿಗೆ ಹೇಳುವ ಸಮಾಧಾನವೇ ಇದು? ಮೈಯೆಲ್ಲಾ ಉರಿಯಿತು.

ಶನಿವಾರ ಮಧ್ಯಾಹ್ನ, ಊಟದ ಗಲಾಟೆ ಮುಗಿದ ಮೇಲೆ, ಲ್ಯಾಪ್‌ಟಾಪ್ ಹಿಡಿದು ಬಂದ. ಹಿಟ್ಟಿನ ಡಬ್ಬದ ಮೇಲೆ ಅದನ್ನಿಟ್ಟು ಕೂತ. ಪರದೆಯ ಮೇಲೆ ಚಿತ್ರವಿಲ್ಲ, ಬಟನ್ನಿಲ್ಲ, ಬರೀ ಕಪ್ಪು ಕಿಟಕಿ. ಅದರಲ್ಲಿ ಒಂದು ಸಾಲು ಟೈಪ್ ಮಾಡುವುದು, ಕೀಲಿ ಒತ್ತುವುದು.

“ಏನ್ ಮಾಡಾಕತ್ತೀಪಾ ತಮ್ಮಾ?”

“ಕಂಪ್ಯೂಟರಲ್ಲಿರೋ ಅಕ್ಷರ ಎಷ್ಟು ದೊಡ್ಡದು ಮಾಡಿದ್ರೂ ಹಿಗ್ಗುತ್ತಮ್ಮ, ಬರೀ ಗೆರೆ ಅದು. ನಿಮ್ಮ ಪ್ರಿಂಟರ್‌ಗೆ ಗೆರೆ ಗೊತ್ತಿಲ್ಲ, ಚುಕ್ಕಿ ಮಾತ್ರ ಗೊತ್ತು. ಈ ಟೂಲು ಗೆರೆ ಅಕ್ಷರನ ಅಳತೆ ಹಿಡಿದು ಚುಕ್ಕಿ ಅಕ್ಷರ ಮಾಡಿಕೊಡುತ್ತೆ.”

ಚುಕ್ಕಿ ಇಟ್ಟು ರಂಗೋಲಿ ಹಾಕಿದವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ತಿಳಿಯಿತು. ನಡುವೆ ಅವನು ಏನೋ ಟೈಪ್ ಮಾಡಿ ಒಬ್ಬನೇ ನಕ್ಕ. ಏನು ಎಂದು ಕೇಳಿದೆ. “ಹೊಸ ಫಾಂಟ್‌ಗೆ ಒಂದು ಹೆಸರು ಕೊಡ್ಬೇಕು, ಕೊಟ್ಟೆ.” ಏನು ಹೆಸರಿಟ್ಟೆ ಎಂದರೆ, “ಇಂಗ್ಲಿಷಲ್ಲಿದೆ, ನಿಮಗ್ಯಾಕೆ ಬಿಡಿ,” ಎಂದ. ಕೊಬ್ಬು ನೋಡಿ.

ಪ್ರಿಂಟರ್ ಚರ್ರೆಂದಿತು. ಕನ್ನಡ! ಚೀಟಿ ಹರಿದುಕೊಂಡು ಓದಿದೆ: ‘ಉಪಿಟು, ಈರುಳಿ ಬೇಡ.’

“ಒತ್ತಕ್ಷರ ಎಲ್ಲಿ ಹೋದ್ವೋ?”

ಅವನು ಚೀಟಿಯನ್ನು ತಿರುಗಿಸಿ ನೋಡಿದ. ಪ್ರಿಂಟರಿನ ಒಂದು ಸಾಲಿಗೆ ಇಷ್ಟೇ ಎತ್ತರ ಎಂದು ಅಳತೆಯಿದೆಯಂತೆ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಅಕ್ಷರ ಕೆಳಗೂ ಇಳಿಯುತ್ತದಲ್ಲ, ಇಳಿದದ್ದನ್ನೆಲ್ಲಾ ಅದು ಕತ್ತರಿಸಿ ಹಾಕಿತ್ತು.

“ಕತ್ತೆ ಅಂತ ಬರಿ ನೋಡೋಣು,” ಎಂದೆ. ಬರೆದ. ‘ಕತೆ’ ಎಂದು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನ್ನ ಹೆಸರು ಹಾಕಿದ. ‘ಶಾಂತವ’ ಎಂದು ಬಂತು, ನನ್ನ ನಗು ನಿಂತುಹೋಯಿತು. ಯುಗಾದಿ ಹತ್ತಿರ ಬರುತ್ತಿತ್ತು.

ಮುಂದಿನ ವಾರ ಅಕ್ಷರಗಳನ್ನು ಕುಗ್ಗಿಸಿ ತಂದ. ಒತ್ತು ಬಂದಿತ್ತು, ಆದರೆ ಎಲ್ಲಾ ಸೇರಿ ಸಾಸಿವೆ ಚೆಲ್ಲಿದ ಹಾಗಿತ್ತು. ಕನ್ನಡಕ ಹಾಕಿಕೊಂಡರೂ ಪ ಯಾವುದು ವ ಯಾವುದು ತಿಳಿಯದು. ಕಣ್ಣು ಕುರುಡು ಮಾಡುತ್ತೀಯೇನು ಎಂದು ಬೈದೆ. ಬೈಸಿಕೊಂಡು ಹೋದ, ಮತ್ತೆ ಬಂದ. ಈ ಸಲ ಅಕ್ಷರಕ್ಕೊಂದು ಸಾಲು, ಅದರ ಕೆಳಗೆ ಅಂಟಿಕೊಂಡಂತೆ ಒತ್ತಿಗೇ ಒಂದು ಸಾಲು ಕೊಟ್ಟಿದ್ದ. ಟೂಲು ಒರಟಾಗಿ ಮಾಡಿದ ಒತ್ತುಗಳನ್ನು ತಾನೇ ಕೂತು ಚುಕ್ಕಿ ಚುಕ್ಕಿ ತಿದ್ದಿದ್ದ. ‘ಉಪ್ಪಿಟ್ಟು’ ಎಂದು ದುಂಡಗೆ ಬಂತು. ಕಾಗದ ಜಾಸ್ತಿ ಖರ್ಚಾಗುತ್ತದಲ್ಲ ಎಂದು ಅಶ್ವತ್ಥನಾರಾಯಣರು ಗೊಣಗಿದರು. ನಂಜುಂಡಸ್ವಾಮಿ ಇನ್ನೊಂದು ಚೀಟಿ ತೆಗೆದ.

ಗಿರಾಕಿಗಳು ಇಂಗ್ಲಿಷಿನಲ್ಲಿ ಕೊಟ್ಟ ಆರ್ಡರು ನನ್ನ ಚೀಟಿಯಲ್ಲಿ ಕನ್ನಡವಾಗಿ ಬರಲೆಂದು ತಿಂಡಿಗಳ ಹೆಸರನ್ನೆಲ್ಲಾ ಇಬ್ಬರೂ ಕೂತು ಕನ್ನಡದಲ್ಲಿ ಸೇರಿಸಿದೆವು. ಅವನು ‘ಕಡ್ಲೆ ಬೇಡ’ ಎಂದು ಹಾಕಿದ್ದ. ಅವರ ಕಡೆ ಶೇಂಗಾಕ್ಕೇ ಕಡ್ಲೆಕಾಯಿ, ಕಡ್ಲೆಬೀಜ ಎನ್ನುತ್ತಾರೆ, ನಮ್ಮ ಕಡೆ ಕಡ್ಲೆ ಎಂದರೆ ಬೇರೆ. ನಾನು ಕಡಲೆಬೇಳೆ ಬಿಟ್ಟು, ಶೇಂಗಾ ಧಾರಾಳವಾಗಿ ಹಾಕುತ್ತಿದ್ದೆ! ಹೇಳಿದಾಗ ಅವನ ಮುಖ ಬೆಳ್ಳಗಾಯಿತು. ‘ಶೇಂಗಾ ಬೇಡ’ ಎಂದು ತಿದ್ದಿದ. “ಒಲೆ ನಿಮ್ದು, ಮಾತೂ ನಿಮ್ದೇ ಇರ್ಲಿ ಅಮ್ಮ,” ಎಂದ.

ಶುಕ್ರವಾರ ಪರೀಕ್ಷೆ. ಅವತ್ತು ಆಫೀಸಿನವರ ಆರ್ಡರು ಮೇಲಿಂದ ಮೇಲೆ ಬರುವ ದಿನ. ಅಶ್ವತ್ಥನಾರಾಯಣರು ಕೈಕಟ್ಟಿ ಹಿಂದೆಯೇ ನಿಂತರು. ಚೀಟಿ ಬಂತು, ಓದಿದೆ, ಮಾಡಿದೆ. ಮತ್ತೊಂದು ಬಂತು. ‘ಈರುಳ್ಳಿ ಬೇಡ.’ ‘ಬೆಳ್ಳುಳ್ಳಿ ಬೇಡ.’ ‘ಶೇಂಗಾ ಬೇಡ.’ ಯಾರನ್ನೂ ಕೇಳಲಿಲ್ಲ, ಯಾರಿಗೂ ಕಾಯಲಿಲ್ಲ. ಹೋದ ಡಬ್ಬಿಗಳಲ್ಲಿ ಒಂದೂ ವಾಪಸು ಬರಲಿಲ್ಲ. ಕೊನೆಯ ಡಬ್ಬಿಯನ್ನು ಅಶ್ವತ್ಥನಾರಾಯಣರು ಬಿಚ್ಚಿ ನೋಡಿ ಮುಚ್ಚಿದರು. “ನಾಳೆ ಸ್ವಲ್ಪ ಬೇಗ ಬನ್ನಿ, ಇಡ್ಲಿ ಆರ್ಡರ್ ಜಾಸ್ತಿ ಇದೆ,” ಎಂದಷ್ಟೇ ಹೇಳಿದರು. ತರಕಾರಿಯ ಮಾತು ಮತ್ತೆ ಬರಲಿಲ್ಲ.

ನಂಜುಂಡಸ್ವಾಮಿಗೆ ಕೈಮುಗಿದೆ. “ನನ್ನ ಸ್ವಾರ್ಥ ಅಮ್ಮ. ನೀವು ಒಲೆ ಬಿಟ್ರೆ ನನ್ನ ಗತಿ ಏನು?” ಎಂದು ತಟ್ಟೆ ಚಾಚಿದ. ತಿಂದು, ಉಪ್ಪು ಸಾಲದು ಎಂದು ಹೇಳಿಯೇ ಹೋದ. ಮುಂದೆ ಅವನ ಕಾಂಟ್ರ್ಯಾಕ್ಟ್ ಮುಗಿದು ಟೆಕ್ಸಾಸ್‌ಗೆ ಹೊರಟ. ಹೋಗುವ ದಿನ ಶೇಂಗಾ ಹೋಳಿಗೆ ಕಟ್ಟಿಕೊಟ್ಟೆ, ಸಿಹಿ ಹೆಚ್ಚಾಯಿತು ಎಂದ.

ಹೋದ ವರ್ಷ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಅಶ್ವತ್ಥನಾರಾಯಣರ ಮಗಳು ಮೈತ್ರಿ ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ಹಾಕುತ್ತಿದ್ದಳು. “ಡ್ಯಾಡ್, ಇಲ್ಲಿ ಶಾಂತವ್ವ ಅಂತ ಒಂದು ಫಾಂಟ್ ಇದೆ. ತುಂಬಾ ಓಲ್ಡ್. ತೆಗೆದುಬಿಡ್ಲಾ?” ಎಂದಳು.

ಅವರು ಗಾಬರಿಯಿಂದ ಎದ್ದರು. “ಬೇಡ ಬೇಡ. ಶಾಂತವ್ವನ್ನ ತೆಗೆದ್ರೆ ಅಂಗಡಿ ನಿಂತುಹೋಗುತ್ತೆ.”

ಆಮೇಲೆ ನನ್ನ ಕಡೆ ನೋಡಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಒಗ್ಗರಣೆಯ ಹೊಗೆ ಎಂದೆ. ಒಲೆಯ ಮೇಲೆ ಬಾಣಲೆಯೇ ಇರಲಿಲ್ಲ.

ಅವತ್ತೇ ಅವನಿಗೆ ಫೋನು ಹಚ್ಚಿದೆ. “ನನ್ನ ಹೆಸರಿಟ್ಟಿದ್ದಿ, ಹೇಳೇ ಇಲ್ಲಲ್ಲೋ. ನಿನ್ನ ಉಪಕಾರ ಹೆಂಗ್ ತೀರಸ್ಲಿ?”

“ಇಲ್ಲಿ ಉಪ್ಪಿಟ್ಟು ಚೆನ್ನಾಗಿರಲ್ಲಮ್ಮ,” ಎಂದ.

“ಯಾಕೋ, ಉಪ್ಪು ಸಾಲೂದಿಲ್ಲೇನು?”

“ಉಪ್ಪು ಸರಿಯಾಗಿರುತ್ತೆ. ಅದೇ ತೊಂದ್ರೆ.”